ಜೋಡಿ ಕ್ಷಯದ ಆಯುರ್ಗಣನೆ

೧೯೩೫ನೆಯ ಇಸವಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮರಿಯಾ ಗೊಪೆರ್ಟ್ ಮೇಯರ್ ಎಂಬ ವಿದುಷಿಯು, ಅದುವರೆಗೆ ಯಾರೂ ಕಾಣದಿದ್ದ ಒಂದು ಘಟನೆಯ ಆಯುಷ್ಯವನ್ನು ಗಣಿಸಿ ಪ್ರಕಟಿಸಿದರು. ಆಕೆಯ ಪತಿಯು ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರು. ಆಕೆಗೆ ಅಂಥ ಪದವಿಯು ದೊರೆತಿರಲಿಲ್ಲ. ಪ್ರಶ್ನೆಯನ್ನು ಎತ್ತಿಕೊಟ್ಟವರು ಯೂಜೀನ್ ವಿಗ್ನರ್.

ಪರಮಾಣುಬೀಜವು ಒಂದು ಎಲೆಕ್ಟ್ರಾನನ್ನು ಹೊರಚೆಲ್ಲಿ ಪಕ್ಕದ ಧಾತುವಾಗಿ ಮಾರ್ಪಡುವುದಕ್ಕೆ ಬೀಟಾ ಕ್ಷಯವೆಂದು ಹೆಸರು. ಕೆಲವು ಬೀಜಗಳಿಗೆ ಈ ದಾರಿಯೇ ಇಲ್ಲ. ೧೩೦ ತೂಕದ ಟೆಲ್ಲೂರಿಯಮನ್ನು ನೋಡಬಹುದು: ಅದೇ ತೂಕದ ಅಯೋಡೀನು ಅದಕ್ಕಿಂತ ಹೆಚ್ಚು ಶಕ್ತಿಯುಳ್ಳದ್ದು, ಏರಬೇಕಾದ ಮೆಟ್ಟಿಲು. ಅದನ್ನು ಹಾರಿ ಆಚೆಯ ಕ್ಸೆನಾನಿಗೆ ಇಳಿಯಬೇಕಾದರೆ ಎರಡು ಎಲೆಕ್ಟ್ರಾನುಗಳೂ ಎರಡು ನ್ಯೂಟ್ರಿನೋಗಳೂ ಏಕಕಾಲದಲ್ಲಿ ಹೊರಡಬೇಕು. ಹಿಂದಿನ ವರ್ಷವಷ್ಟೇ ಫೆರ್ಮಿ ಪ್ರಕಟಿಸಿದ್ದ ಸಿದ್ಧಾಂತವನ್ನು ಈ ಜೋಡಿ ನೆಗೆತಕ್ಕೆ ಅನ್ವಯಿಸಿ, ಇದರ ಅರ್ಧಾಯುಷ್ಯವು, ಎಂದರೆ ಮೊತ್ತದಲ್ಲಿ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಹಿಡಿಯುವ ಕಾಲವು, ಒಂದರ ಮುಂದೆ ೧೭ ಸೊನ್ನೆಗಳನ್ನಿಟ್ಟಷ್ಟು ವರ್ಷಗಳಿಗೂ ಮೀರಿದುದೆಂದು ಆಕೆ ತಿಳಿಸಿದರು. ಪುರಾಣೋಕ್ತವಾದ ಕಲ್ಪವು ೪೩೨ ಕೋಟಿ ವರ್ಷಗಳದು. ಅಂಥ ಎರಡು ಕೋಟಿ ಕಲ್ಪಗಳೂ ಇದಕ್ಕೆ ಸಾಲವು!

ಇಷ್ಟು ವಿಳಂಬವಾದುದನ್ನು ಅಲ್ಪಾಯುವಾದ ಮನುಷ್ಯನು ಕಾಣುವುದೆಂತು? ಪರಮಾಣುಗಳ ಸಂಖ್ಯೆಯೇ ಇಲ್ಲಿ ಆಸರೆ. ಒಂದು ಗ್ರಾಂ ಟೆಲ್ಲೂರಿಯಮಿನಲ್ಲಿರುವ ಪರಮಾಣುಗಳು ಅಗಣಿತವಾದುದರಿಂದ ವರ್ಷಕ್ಕೆ ಬೆರಳೆಣಿಕೆಯಷ್ಟಾದರೂ ಕ್ಷಯಿಸಿಯೇ ತೀರುವುವು. ಆದರೆ ಸುತ್ತಣ ಬೇರೆ ವಿಕಿರಣಗಳ ಗದ್ದಲದಲ್ಲಿ ಅವನ್ನು ಗುರುತಿಸುವುದೇ ಕಷ್ಟ.

೧೯೩೯ರಲ್ಲಿ ವೆಂಡೆಲ್ ಫರ್ರಿ ಎಂಬವರು ಮತ್ತೊಂದು ಲೆಕ್ಕವನ್ನು ಮುಂದಿಟ್ಟರು. ಇಟಲಿಯ ಮಯೋರಾನಾ ೧೯೩೭ರಲ್ಲಿ ಸೂಚಿಸಿದ್ದಂತೆ ನ್ಯೂಟ್ರಿನೋವೂ ಅದರ ಪ್ರತಿಕಣವೂ ಒಂದೇ ಆಗಿದ್ದರೆ, ನ್ಯೂಟ್ರಿನೋಗಳು ಹೊರಬೀಳದೆಯೇ ಜೋಡಿ ಕ್ಷಯವು ನಡೆಯಬಹುದು, ಅದೂ ಬಹುಪಾಲು ಶೀಘ್ರವಾಗಿ. ಈ ಆಸೆಯು ಪ್ರಯೋಗಶಾಲೆಗಳನ್ನು ಕೊಂಚ ದಾರಿ ತಪ್ಪಿಸಿತೆನ್ನಬೇಕು. ೧೯೪೯ರಲ್ಲಿ ತವರದಲ್ಲಿ ಅದು ಕಂಡಿತೆಂದು ವರದಿಯಾಯಿತು. ಮುಂದಿನ ಪರೀಕ್ಷೆಗಳಲ್ಲಿ ಆ ಮಾತು ನಿಲ್ಲಲಿಲ್ಲ.

ನಂಬತಕ್ಕ ಸಾಕ್ಷ್ಯವು ಯಂತ್ರದಿಂದಲ್ಲ, ಕಲ್ಲಿನಿಂದ ದೊರೆಯಿತು. ಟೆಲ್ಲೂರಿಯಮಿನ ಪುರಾತನ ಅದಿರಿನೊಳಗೆ ಕ್ಷಯದಿಂದ ಹುಟ್ಟಿದ ಕ್ಸೆನಾನ್ ಅನಿಲವು ಯುಗಯುಗಗಳಿಂದ ಸೆರೆಯಾಗಿ ಉಳಿದಿತ್ತು. ಇಂಗ್ರಾಮ್, ರೆನಾಲ್ಡ್ಸ್ ಎಂಬ ಇಬ್ಬರು ೧೯೫೦ರಲ್ಲಿ ಅದನ್ನು ಅಳೆದು, ಅರ್ಧಾಯುಷ್ಯವು ಸುಮಾರು ೧.೪ ಕೋಟಿ ಕೋಟಿ ಕೋಟಿ ವರ್ಷವೆಂದು ನಿರ್ಣಯಿಸಿದರು. ಮೇಯರ್ ಹಾಕಿದ್ದ ಎಲ್ಲೆಯನ್ನು ಪ್ರಕೃತಿಯು ಮೀರಿ ನಡೆದಿತ್ತೇ ಹೊರತು ಮುರಿದಿರಲಿಲ್ಲ.

ಎಲೆಕ್ಟ್ರಾನುಗಳ ಜೋಡಿಯನ್ನು ಪ್ರತ್ಯಕ್ಷವಾಗಿ ಹಿಡಿದುದು ೧೯೮೭ರಲ್ಲಿ, ಕ್ಯಾಲಿಫೋರ್ನಿಯದ ಅರ್ವೈನಿನಲ್ಲಿ. ಮೈಕೇಲ್ ಮೋ ಮತ್ತು ಸಂಗಡಿಗರು ಸೆಲೀನಿಯಮಿಗೆ ಕಂಡುಕೊಂಡ ಅರ್ಧಾಯುಷ್ಯ ಸುಮಾರು ೧೧ ಲಕ್ಷ ಕೋಟಿ ಕೋಟಿ ವರ್ಷ. ಬೀಜದ ರಚನೆಯ ಕುರಿತಾದ ಬೇರೊಂದು ಸಿದ್ಧಾಂತಕ್ಕಾಗಿ ೧೯೬೩ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದಿದ್ದ ಮೇಯರ್ ೧೯೭೨ರಲ್ಲಿಯೇ ತೀರಿಕೊಂಡಿದ್ದರು. ನ್ಯೂಟ್ರಿನೋರಹಿತವಾದ ಬಗೆಯಾದರೋ ನಿರ್ವಿವಾದವಾಗಿ ಎಲ್ಲಿಯೂ ಕಂಡಿಲ್ಲ. ಜಪಾನಿನ ಕಾಮಿಯೋಕ ಗಣಿಯ ಆಳದಲ್ಲಿ ಕ್ಸೆನಾನನ್ನು ಇರಿಸಿ ಕಾದವರು, ಅದರ ಅರ್ಧಾಯುಷ್ಯವು ಒಂದರ ಮುಂದೆ ೨೬ ಸೊನ್ನೆಗಳನ್ನಿಟ್ಟಷ್ಟು ವರ್ಷಗಳಿಗೂ ಅಧಿಕವೆಂದಷ್ಟೇ ಹೇಳಬಲ್ಲವರಾದರು.