ಇಬ್ನ್ ಅಲ್-ನಫೀಸ್ ಮತ್ತು ಇಲ್ಲದ ತೂತುಗಳು

ರಕ್ತಪರಿಚಲನೆ ಅಂದ ಕೂಡಲೇ ವಿಲಿಯಂ ಹಾರ್ವೆ, 1628. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಅಷ್ಟೇ ತಾನೆ? ಆದರೆ ರಕ್ತ ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಬರುವ ದಾರಿಯನ್ನು 1242ರಲ್ಲೇ ಒಬ್ಬ ಬರೆದಿಟ್ಟಿದ್ದ. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್-ನಫೀಸ್.

ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ, ರಕ್ತ ಬಲದಿಂದ ಎಡಕ್ಕೆ ಅವುಗಳಲ್ಲೇ ಜಿನುಗುತ್ತದೆ ಅಂತ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿ ಸಾವಿರ ವರ್ಷವಾಗಿತ್ತು. ಅವಿಸೆನ್ನಾನ ‘ಕಾನೂನ್’ ಗ್ರಂಥದ ಅಂಗರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತಾ ನಫೀಸ್ ಹೇಳಿದ: ಗೋಡೆ ದಪ್ಪ, ತೂತೇ ಇಲ್ಲ. ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿ ಬೆರೆಸಿಕೊಂಡೇ ಎಡಕೋಣೆಗೆ ಬರಬೇಕು. (ಇಡೀ ದೇಹದ ಸುತ್ತು ಅವನಿಗೆ ಹೊಳೆಯಲಿಲ್ಲ, ಅದು ಹಾರ್ವೆಯದೇ.)

ನಮ್ಮ ಮಧುರೆಗೆ ಅಷ್ಟೇನೂ ದೂರವಲ್ಲದ ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಯುನಾನಿಗೆ ಈ ‘ಕಾನೂನ್’ ಒಂದು ಬುನಾದಿ. ನಫೀಸ್ ಅದನ್ನೇ ಸಂಗ್ರಹಿಸಿ ಬರೆದ ‘ಮೂಜಝ್’ ಭಾರತದ ಯುನಾನಿ ವೈದ್ಯರಿಗೂ ಪಠ್ಯವಾಯಿತು. ತಮಾಷೆ ನೋಡಿ, ಅದರಲ್ಲಿ ಅಂಗರಚನೆಯ ಭಾಗವನ್ನೇ ಬಿಟ್ಟಿದ್ದ! ಹೆಸರು ಇಲ್ಲಿಯವರೆಗೆ ಬಂತು, ಶೋಧ ಬರಲಿಲ್ಲ.

ವ್ಯಾಖ್ಯಾನದ ಒಂದು ಹಸ್ತಪ್ರತಿ ಬರ್ಲಿನ್ನಿನ ಗ್ರಂಥಾಲಯದಲ್ಲಿತ್ತು. ಜರ್ಮನಿಗೆ ಓದಲು ಹೋಗಿದ್ದ ಈಜಿಪ್ಟಿನ ವೈದ್ಯ ತತಾವಿ 1924ರಲ್ಲಿ ಅದನ್ನು ಓದಿ ತನ್ನ ಪ್ರಬಂಧದಲ್ಲಿ ಬರೆದ.