ಆರೈಕೆ ಮಾಡುವವರ ಪರೀಕ್ಷೆ

ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ 1789ರ ಕೊನೆಯಿಂದ 1792ರವರೆಗೆ ಬಾಣಂತಿಯರನ್ನು ಕಾಡಿದ ಜ್ವರವನ್ನು ಕುರಿತು ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯನು 1795ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ತಾನು ಚಿಕಿತ್ಸೆಮಾಡಿದ 77 ಮಂದಿ ಸ್ತ್ರೀಯರ ಪಟ್ಟಿಯನ್ನು ಅದರಲ್ಲಿ ಕೊಟ್ಟು, ಅವರ ಹೆರಿಗೆ ಮಾಡಿಸಿದವರು ಯಾರೆಂಬುದನ್ನೂ ಅವನು ನಮೂದಿಸಿದ್ದನು. ಕೆಲವು ಸೂಲಗಿತ್ತಿಯರ ಹೆಸರು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಅವರನ್ನು ಮಾತ್ರ ದೂಷಿಸಿ ತಾನು ಪಾರಾಗದೆ, ತನ್ನ ಮೂಲಕವೂ ಅನೇಕ ತಾಯಂದಿರಿಗೆ ಸೋಂಕು ತಗುಲಿತೆಂದು ಮುಚ್ಚುಮರೆಯಿಲ್ಲದೆ ಬರೆದ ಆ ಸತ್ಯನಿಷ್ಠೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿರಳವಾದುದು. ಊರಿನವರು ಅವನ ಮೇಲೆ ಮುನಿದರು; ಗಾರ್ಡನ್ ನೌಕಾಪಡೆಯ ಸೇವೆಗೆ ಹಿಂದಿರುಗಿ, 1799ರಲ್ಲಿ ಕ್ಷಯರೋಗದಿಂದ ಮೃತನಾದನು. ಅರ್ಧ ಶತಮಾನದ ಮೇಲೆ, 1847ರಲ್ಲಿ, ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಇತರ ವೈದ್ಯರ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಯಿಸಿದಾಗಲೂ ಅವನಿಗೆ ದೊರೆತ ಮನ್ನಣೆ ಅತ್ಯಲ್ಪವೇ.

ಆರೈಕೆ ಮಾಡುವವರನ್ನು ಸಂಶಯಿಸುವುದು ಅವರನ್ನು ಅವಮಾನಿಸುವುದೆಂಬ ಭಾವನೆಯನ್ನು ತೊಡೆಯಬಲ್ಲದ್ದು ಎರಡೇ: ಸಂಶಯವನ್ನು ಬೇಗನೆ ಪರಿಹರಿಸುವ ಸಾಧನ, ಮತ್ತು ಮನೆಗೆ ಕಳುಹಿಸಲ್ಪಟ್ಟವರ ಅನ್ನಕ್ಕೆ ಭರವಸೆ. ಇವುಗಳಲ್ಲಿ ಎರಡನೆಯದೇ ಮೊದಲು ಬಂದಿತು. ಸೋಂಕು ಹರಡದಿರಲೆಂದು ಅಧಿಕಾರಿಗಳು ಕೆಲಸದಿಂದ ದೂರವಿರಿಸಿದ ಸೂಲಗಿತ್ತಿಗೆ, ಅವಳದೇ ತಪ್ಪಿಲ್ಲದಿದ್ದಲ್ಲಿ, ಆದ ನಷ್ಟಕ್ಕೆ ಪರಿಹಾರ ಸಲ್ಲಬೇಕೆಂದು ಇಂಗ್ಲೆಂಡಿನ ಸೂಲಗಿತ್ತಿಯರ ಶಾಸನವೊಂದು ವಿಧಿಸಿತು. ಸಾಧನವಾದರೋ ಇನ್ನೂ ಮಂದಗತಿಯದಾಗಿತ್ತು. ಬಾಣಂತಿಯ ಜ್ವರಕ್ಕೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಜೀವಾಣುವು ಅನೇಕ ವೇಳೆ ಅವಳ ಆರೈಕೆಗೆ ನಿಂತವರ ಮೂಗು ಗಂಟಲುಗಳಿಂದಲೇ ಬರುತ್ತದೆಂದು ಡೋರಾ ಕೋಲ್‌ಬ್ರೂಕ್ ಎಂಬ ಸಂಶೋಧಕಿ 1935ರಲ್ಲಿ ತೋರಿಸಿಕೊಟ್ಟಾಗ, ದಾದಿಯರ ಗಂಟಲಿನಿಂದ ತೆಗೆದ ದ್ರವವನ್ನು ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಸವರಿ, ಒಂದು ರಾತ್ರಿ ಬೆಚ್ಚಗಿರಿಸಿ, ಮರುದಿನ ಜೀವಾಣುಗಳ ಸುತ್ತ ರಕ್ತ ಕರಗಿ ತಿಳಿಯಾದ ಉಂಗುರ ಮೂಡಿದೆಯೇ ಎಂದು ನೋಡಬೇಕಾಗಿತ್ತು. ಆ ಒಂದು ರಾತ್ರಿಯಲ್ಲಿ ಎಷ್ಟು ಹೆರಿಗೆಗಳಾಗುತ್ತಿದ್ದವು!

2020ರಲ್ಲಿ ಕೊರೋನಾ ವ್ಯಾಪಿಸಿದಾಗ ಈ ಹಳೆಯ ಸಮಸ್ಯೆಯೇ ಮರುಕಳಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ಕೇಂಬ್ರಿಜಿನ ಆಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ, ಕಾಯಿಲೆಯಿಲ್ಲವೆಂದು ಹೇಳಿ ಕೆಲಸಕ್ಕೆ ಬರುತ್ತಿದ್ದ ಸಾವಿರಕ್ಕೂ ಮಿಕ್ಕಿದ ಸಿಬ್ಬಂದಿಯನ್ನು ಪಿಸಿಆರ್ ವಿಧಾನದಿಂದ ಪರೀಕ್ಷಿಸಲಾಗಿ, ಸುಮಾರು ಶೇ. 3 ಮಂದಿಯಲ್ಲಿ ವೈರಾಣು ಕಂಡುಬಂದಿತು. ಆದರೆ ಪಿಸಿಆರ್‌ಗೆ ಪ್ರಯೋಗಾಲಯ ಬೇಕು, ಯಂತ್ರ ಬೇಕು, ಫಲಿತಾಂಶಕ್ಕೆ ಅನೇಕ ಸಲ ಒಂದು ದಿನವೋ ಹೆಚ್ಚೋ ಕಾಯಬೇಕು.

ಕ್ಷಿಪ್ರ ಪರೀಕ್ಷೆಯ ತಂತ್ರವಾದರೋ ಹೊಸದಲ್ಲ; ಮನೆಯಲ್ಲಿಯೇ ಗರ್ಭವನ್ನು ತಿಳಿಸುವ ಪಟ್ಟಿಯಾಗಿ 1988ರಿಂದಲೇ ಬಳಕೆಯಲ್ಲಿದ್ದಿತು. ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ವೈರಾಣುವಿನ ಪ್ರೋಟೀನನ್ನು ಹಿಡಿದುಕೊಂಡು ನೈಟ್ರೊಸೆಲ್ಯುಲೋಸ್ ಕಾಗದದುದ್ದಕ್ಕೂ ಹರಿದು ಬಂದು, 'ಟಿ' ಎಂಬ ಗೆರೆಯಲ್ಲಿ ಸೆರೆಯಾಗಿ ಬಣ್ಣ ತೋರುತ್ತವೆ. 'ಸಿ' ಎಂಬ ಗೆರೆ ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. 2020ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ಇಂತಹ 25 ಪಟ್ಟಿಗಳ ಪೆಟ್ಟಿಗೆಯನ್ನು ರೋಗಿಗಳೊಡನೆ ಒಡನಾಡುವ ಸಿಬ್ಬಂದಿಯ ಕೈಗೆ ಕೊಟ್ಟು, ವಾರಕ್ಕೆ ಎರಡು ಸಲ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕೆಂದು ಏರ್ಪಡಿಸಿತು. ದಾದಿಯು ಮನೆಯಲ್ಲಿಯೇ ಗಂಟಲು ಮೂಗುಗಳನ್ನು ಸ್ವ್ಯಾಬ್‌ನಿಂದ ಸವರಿ, ಅದನ್ನು ದ್ರಾವಣದಲ್ಲಿ ತಿರುವಿ, ಎರಡು ಹನಿಯನ್ನು ಪಟ್ಟಿಯ ಮೇಲೆ ಬಿಟ್ಟು, ಅರ್ಧ ಗಂಟೆಯೊಳಗೆ ಉತ್ತರವನ್ನು ಕಾಣುತ್ತಿದ್ದಳು. ಪಾಸಿಟಿವ್ ಬಂದರೆ ಕೆಲಸಕ್ಕೆ ಹೋಗದೆ, ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳುತ್ತಿದ್ದಳು. ಪರೀಕ್ಷಿಸುವವರೂ ಪರೀಕ್ಷೆಗೆ ಒಳಗಾದವರೂ ಒಬ್ಬರೇ ಆದುದರಿಂದ, ಸಂಶಯದ ಜೊತೆಗಿದ್ದ ಅವಮಾನದ ಮೊನೆ ಬಹುಮಟ್ಟಿಗೆ ಮೊಂಡಾಯಿತೆಂದು ನನ್ನ ಎಣಿಕೆ.

ಪಟ್ಟಿಗೆ ದೋಷವಿಲ್ಲದಿರಲಿಲ್ಲ. ಅದೇ ನವೆಂಬರಿನಲ್ಲಿ ಲಿವರ್‌ಪೂಲ್ ನಗರದಲ್ಲಿ ನಡೆದ ಸಾಮೂಹಿಕ ಪರೀಕ್ಷೆಯಲ್ಲಿ, ಲಕ್ಷಣವಿಲ್ಲದವರ ಪೈಕಿ ಪಿಸಿಆರ್ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಅದು ಬಿಟ್ಟಿತು. ವೈರಾಣು ಅಧಿಕವಾಗಿದ್ದವರಲ್ಲಿ ಮಾತ್ರ ಬಹುಪಾಲನ್ನು ಗುರುತಿಸಿತು. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) 2020ರ ಜೂನ್ 14ರಂದು ಇಂತಹ ಮೊದಲ ಆಂಟಿಜನ್ ಕಿಟ್ಟಿಗೆ ಸಮ್ಮತಿಯಿತ್ತಾಗಲೂ, ನೆಗೆಟಿವ್ ಬಂದ ರೋಗಲಕ್ಷಣವುಳ್ಳವರಿಗೆ ಪಿಸಿಆರ್ ಮಾಡಲೇಬೇಕೆಂದು ಸೂಚಿಸಿದ್ದುದು ಈ ಕಾರಣದಿಂದಲೇ. ನೆಗೆಟಿವ್ ಎಂಬ ಧೈರ್ಯದಿಂದ ಮಾಸ್ಕ್ ಸಡಿಲಿಸುವವರು ಇರಬಹುದೆಂಬ ವಿದ್ವಾಂಸರ ಭೀತಿ ನಿರಾಧಾರವಾದುದಲ್ಲ. ಆದರೂ ವಾರಕ್ಕೆರಡು ಬಾರಿ ಕೇಳುವ ಒರಟು ಪ್ರಶ್ನೆಯು, ಕೇಳದೆ ಬಿಟ್ಟ ನಯವಾದ ಪ್ರಶ್ನೆಗಿಂತ ರೋಗಿಗೆ ಉಪಕಾರಿಯೆಂಬ ಪಕ್ಷವನ್ನೇ ನಾನು ಹಿಡಿಯುತ್ತೇನೆ.

ಅನ್ನದ ಪ್ರಶ್ನೆ ಮಾತ್ರ ವೃದ್ಧರ ಆರೈಕೆಯ ಮನೆಗಳಲ್ಲಿ ಕಠಿಣವಾಗಿಯೇ ಉಳಿಯಿತು. ಅಲ್ಪ ವೇತನದಲ್ಲಿ ದುಡಿಯುವ ಸೇವಕಿಗೆ, ಆ ಗೆರೆ ಮೂಡುವುದೆಂದರೆ ದಿನಗಟ್ಟಲೆ ಸಂಬಳ ಖೋತಾ ಆಗುವುದೆಂದು ಅರ್ಥವಾದರೆ, ಪರೀಕ್ಷೆಯನ್ನು ಅವಳು ಮನಸಾರೆ ಸ್ವಾಗತಿಸುವಳೆಂದು ನಿರೀಕ್ಷಿಸುವುದು ಅನ್ಯಾಯ. ಇದನ್ನರಿತ ಬ್ರಿಟಿಷ್ ಸರ್ಕಾರವು 2020ರ ಮೇ ತಿಂಗಳಲ್ಲಿ 60 ಕೋಟಿ ಪೌಂಡುಗಳ ನಿಧಿಯನ್ನು ಘೋಷಿಸಿ, ಪ್ರತ್ಯೇಕವಾಸದಲ್ಲಿರುವವರಿಗೆ ಪೂರ್ಣ ವೇತನ ಕೊಡುವುದನ್ನು ಅದರ ಉದ್ದೇಶಗಳಲ್ಲಿ ಒಂದನ್ನಾಗಿ ಮಾಡಿತು. ಲಕ್ಷಣವಿಲ್ಲದ ಸಿಬ್ಬಂದಿಯ ನಿಯತ ಪರೀಕ್ಷೆಯು ಇಂಗ್ಲೆಂಡಿನಲ್ಲಿ 2022ರ ಆಗಸ್ಟ್ 31ರಿಂದ ಸ್ಥಗಿತವಾಯಿತು. ರೋಗಲಕ್ಷಣ ಕಂಡ ದಾದಿಯರಿಗೂ ವೈದ್ಯರಿಗೂ ಪಟ್ಟಿಗಳ ವಿತರಣೆ ಅನಂತರವೂ ಮುಂದುವರಿಯಿತು.