ಲಾಯದ ನೆಲದ ಕಥೆ: ಕಲ್ಲಿನಿಂದ ರಬ್ಬರ್‌ವರೆಗೆ
ಕುದುರೆ ಲಾಯಕ್ಕೆ ಯಾವ ರಬ್ಬರ್ ಮ್ಯಾಟ್ ಹಾಕ್ಬೇಕು? ಮ್ಯಾಟ್ ಹೊಸದು, ಪ್ರಶ್ನೆ ಮಾತ್ರ ಸುಮಾರು 2,400 ವರ್ಷ ಹಳೇದು!

ಗ್ರೀಸಿನ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿ ಬಗ್ಗೆ ಬರೆದ ಪುಸ್ತಕದಲ್ಲೇ ಎಚ್ಚರಿಸಿದ್ದ: ಒದ್ದೆಯಾದ, ನುಣುಪಾದ ನೆಲ ಒಳ್ಳೇ ಗೊರಸನ್ನೂ ಕೆಡಿಸುತ್ತೆ. ಆಗಿನ ಗ್ರೀಕರು ಕುದುರೆಗೆ ಲಾಳ ಹೊಡೀತಿರಲಿಲ್ಲ. ಗೊರಸು ಕೆಟ್ರೆ ಸವಾರನೂ ಕೆಟ್ಟ. ಅದಕ್ಕೇ ನೀರು ಹರಿಯೋಕೆ ಇಳಿಜಾರು, ನುಣುಪು ತಪ್ಪಿಸೋಕೆ ಗೊರಸಿನಷ್ಟೇ ದೊಡ್ಡ ಕಲ್ಲುಗಳ ಹಾಸು ಅಂತ ಅವನ ಸಲಹೆ.

1844ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡೋ ವಿಧಾನಕ್ಕೆ ಪೇಟೆಂಟ್ ಪಡೆದ. ಇವತ್ತಿನ ಮ್ಯಾಟ್‌ಗೂ ಅದೇ ಬುನಾದಿ.

ರಬ್ಬರ್ ಕಾಲಿಗೆ ಮೆತ್ತಗೆ, ನಿಜ. ಆದ್ರೆ ಅಡಿಯಲ್ಲಿ ಇಳಿಜಾರಿಲ್ಲದಿದ್ರೆ ಗಂಜಲ ಅಲ್ಲೇ ನಿಂತು ಗೊರಸು ಕೊಳೆಯುತ್ತೆ. ಮ್ಯಾಟ್ ಕೊಳ್ಳೋ ಮುಂಚೆ ಕೇಳ್ಬೇಕಾದ್ದು ಇವತ್ತಿಗೂ ಎರಡೇ: ನೀರು ಎಲ್ಲಿಗೆ ಹರಿಯುತ್ತೆ? ಒದ್ದೆಯಾದಾಗ ಜಾರುತ್ತಾ?